ಎರಡನೇ ಸಲ ಕೇಳುವವರು

ಲಿಫ್ಟ್ ದುರಸ್ತಿ ಕಂಪನಿಯ ಖರೀದಿ ವಿಭಾಗದ ಮುಖ್ಯಸ್ಥೆಯನ್ನು ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬೇಡಕ್ಕ ಎಂದು. ಯಾರು ಏನೇ ಸಾಮಾನು ಕೇಳಲಿ, ಮೊದಲ ಸಲ ಅವಳ ಉತ್ತರ "ಬೇಡ." ನಿಜವಾಗಿ ಬೇಕಾದವರು ಮೂರನೇ ಮಹಡಿಗೆ ಹತ್ತಿ ಬಂದು ಇನ್ನೊಮ್ಮೆ ಕೇಳುತ್ತಿದ್ದರು, ಉಳಿದವರು ಮರೆತುಬಿಡುತ್ತಿದ್ದರು. ಎರಡನೇ ಸಲ ಕೇಳಿದವರಿಗೆ ತಕರಾರಿಲ್ಲದೆ ಮಂಜೂರು. ಲಿಫ್ಟ್ ಕಂಪನಿಯಾದರೂ ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ.

ಈ ವರ್ಷ ಕಂಪನಿ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದನ್ನು ಬಾಡಿಗೆಗೆ ತಂದಿತು. ಮೊದಲೆಲ್ಲ ಎಷ್ಟು ಜನ ಬಳಸುತ್ತಾರೆಂದು ಲೆಕ್ಕ ಹಾಕಿ ಸಾಫ್ಟ್‌ವೇರ್ ಮಾರುತ್ತಿದ್ದ ಕಂಪನಿಯವರು, ಈಗ ಆ ಜನರ ಕೆಲಸವನ್ನೇ ತಾವಾಗಿ ಮಾಡುವ, ಏಜೆಂಟ್ ಎಂಬ ಎಐ ಪ್ರೋಗ್ರಾಂಗಳನ್ನು ಮಾರುತ್ತಿದ್ದರು. ಖರೀದಿ ಏಜೆಂಟ್ ಬೇಡಕ್ಕನ ಹಳೆಯ ತೀರ್ಮಾನಗಳನ್ನೆಲ್ಲ ಓದಿ ಕೆಲಸ ಕಲಿಯಿತು. ಅದು ಸರಿಯಾಗಿ ನಡೆದರೆ ಅವಳ ಹುದ್ದೆ ರದ್ದು. "ಮುಚ್ಚುಮರೆ ಯಾಕಮ್ಮ," ಎಂದು ನಿರ್ದೇಶಕ ಮೊದಲೇ ಹೇಳಿದ್ದ.

ಏಜೆಂಟ್ ಅವಳಂತೆಯೇ ಮೊದಲು ಬೇಡ ಎಂದಿತು, ಎರಡನೇ ಸಲಕ್ಕೆ ಮಂಜೂರು ಮಾಡಿತು. ಆದರೆ ಸಾಮಾನು ಕೇಳಲು ಬೇರೆ ವಿಭಾಗಗಳಿಗೂ ಏಜೆಂಟ್‌ಗಳು ಬಂದಿದ್ದವು.

ದುರಸ್ತಿ ವಿಭಾಗದ ಮೇಲ್ವಿಚಾರಕ ಅವಳ ಮೈದುನ. ನಗುತ್ತಾ ಬಂದ. "ಅತ್ತಿಗೆ, ನಿಮ್ಮದು ಬೇಡ ಅಂದ ತಕ್ಷಣ ನಮ್ಮದು ಮತ್ತೆ ಕೇಳುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಮಂಜೂರು!"

"ನಾಚಿಕೆ ಇಲ್ವಾ ಅದಕ್ಕೆ?"

"ನಾಚಿಕೆ ಇದ್ದದ್ದು ನನಗೆ ನೋಡಿ. ನಿಮ್ಮ ಮುಖ ನೋಡಿ ಎಷ್ಟು ಸಲ ಬಾಯಿ ಮುಚ್ಕೊಂಡು ವಾಪಸ್ ಹೋಗಿಲ್ಲ!"

ಉಗ್ರಾಣ ತುಂಬಿತು. ಉಕ್ಕಿನ ಹಗ್ಗದ ಸುರುಳಿಗಳು ಕಾರಿಡಾರ್‌ಗೆ ಬಂದವು. ಬಾಗಿಲಿನ ರೋಲರ್ ಪೆಟ್ಟಿಗೆಗಳು ಶೌಚಾಲಯದ ಗೋಡೆಗೆ ಒರಗಿದವು. ಸಾಫ್ಟ್‌ವೇರ್ ಕಂಪನಿಯವರು ಖರೀದಿ ಏಜೆಂಟ್ ಎರಡನೇ ಸಲವೂ ಬೇಡ ಅನ್ನುವಂತೆ ತಿದ್ದಿಕೊಟ್ಟರು. ದುರಸ್ತಿಯ ಏಜೆಂಟ್ ಮೂರನೇ ಸಲ ಕೇಳುವುದನ್ನು ಅದೇ ದಿನ ಕಲಿತುಕೊಂಡಿತು.

ನಿರ್ದೇಶಕ ಬೇಡಕ್ಕನನ್ನು ಕರೆಸಿದ. "ಯಾರಿಗೆ ನಿಜವಾಗಿ ಬೇಕು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು? ಹೇಳಿ, ಅದನ್ನೇ ಕಲಿಸೋಣ."

ಅನುಭವ, ಕಣ್ಣಳತೆ ಎಂದು ಏನಾದರೂ ಹೇಳಿ ಹುದ್ದೆ ಉಳಿಸಿಕೊಳ್ಳಬಹುದಿತ್ತು. ಅವಳು ಒಂದು ಕ್ಷಣ ಹಾಗೇ ಯೋಚಿಸಿದಳು ಕೂಡ.

"ಗೊತ್ತಾಗ್ತಿರ್ಲಿಲ್ಲ ಸಾರ್. ಮೇಲೆ ಹತ್ತಿ ಬರೋಕೆ ಅವರಿಗೆ ಬೇಜಾರು. ಅಷ್ಟೇ."

ನಿರ್ದೇಶಕ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಬೇಜಾರನ್ನ ಯಂತ್ರಕ್ಕೆ ಕಲಿಸೋದು ಹೇಗ್ರೀ?"

ಸಂಜೆ ಆದೇಶ ಬಂತು. ಮೊದಲ ಸಲ ಬೇಡ ಎನ್ನುವ ಕೆಲಸ ಏಜೆಂಟ್‌ನದು. ಎರಡನೇ ಸಲ ಮನುಷ್ಯರೇ ಬೇಡಕ್ಕನ ಮೇಜಿನ ಮುಂದೆ ನಿಂತು ಕೇಳಬೇಕು. ಹುದ್ದೆ ಒಂದು ವರ್ಷದ ಮಟ್ಟಿಗೆ ಉಳಿಯಿತು.

"ಅತ್ತಿಗೆ, ಇನ್ಮೇಲೆ ನಿಮ್ಮ ಬಾಯಲ್ಲಿ ಬರೀ ಹೂಂ ಅನ್ನೋದೇ!" ಎಂದ ಮೈದುನ.

"ರೂಢಿ ಆಗೋಕೆ ಟೈಮ್ ಬೇಕಪ್ಪ," ಎಂದು ಅವಳು ಫೋನ್ ಎತ್ತಿಕೊಂಡಳು. ಕಾರಿಡಾರ್‌ನಲ್ಲಿದ್ದ ಹಗ್ಗದ ಸುರುಳಿಗಳನ್ನು ವಾಪಸ್ ತೆಗೆದುಕೊಳ್ಳುವಂತೆ ಅವನ್ನು ಮಾರಿದವರನ್ನು ಒಪ್ಪಿಸಬೇಕಿತ್ತು.