ಎರಡು ಸಲ ಕೂಗುವ ಯಂತ್ರ

ಲುವಾನ್ ಶೌತಿಯೆನ್ ಒಬ್ಬರೇ ಬಸ್ಸು ಹತ್ತಿದರೂ ಚಾಲಕನ ಪಕ್ಕದ ಯಂತ್ರ ‘ಹಿರಿಯರ ಕಾರ್ಡ್’ ಎಂದು ಎರಡು ಸಲ ಕೂಗುತ್ತಿತ್ತು. ಮೊಣಕಾಲಿನವರೆಗೆ ಇಳಿಬಿದ್ದ ಹಸಿರು ಹತ್ತಿಕೋಟಿನ ಕತ್ತಿನಿಂದ ಕೆಂಪು ದಾರವೊಂದನ್ನು ಹೊರಗೆಳೆದು, ಅದರಲ್ಲಿ ತೂಗುವ ಎರಡು ಕಾರ್ಡುಗಳಲ್ಲಿ ಮೊದಲು ಹೆಂಡತಿಯದನ್ನು, ಆಮೇಲೆ ತಮ್ಮದನ್ನು ಒತ್ತುವರು. ಏಕೆಂದರೆ ಹೆಂಡತಿಯನ್ನು, ನಾವೆಲ್ಲ ಕರೆಯುವ ಗುಯಿಝೆನ್ ಅತ್ತಿಗೆಯನ್ನು, ಮುಂದೆ ಹತ್ತಿಸಿ ಹಿಂದಿನಿಂದ ಆಸರೆ ಕೊಡುವುದು ಅವರ ಮೂವತ್ತು ವರ್ಷಗಳ ಅಭ್ಯಾಸ. ಅತ್ತಿಗೆ ತೀರಿಕೊಂಡು ಹತ್ತು ತಿಂಗಳಾಗಿತ್ತು.

ಅವರ ಮೇಲಿನ ಮಹಡಿಯವಳಾದ ನಾನೂ ಅದೇ ಬಸ್ಸಿನಲ್ಲಿ ಶೆನ್ಯಾಂಗ್ ನಗರದ ಇನ್ನೊಂದು ತುದಿಯ ಸಂತೆಗೆ ಹೋಗುವವಳು. ಲುವಾನ್ ಎಡಕ್ಕೆ ವಾಲಿ ನಡೆಯುತ್ತ ಬಂದು, ಕಿಟಕಿಯ ಸೀಟಿನ ಮೇಲೆ ಕೈಚೀಲವಿಟ್ಟು ಪಕ್ಕದಲ್ಲಿ ಕೂರುವರು. ಯಾರಾದರೂ ಜಾಗ ಕೇಳಿದರೆ ತಮ್ಮದನ್ನು ಬಿಟ್ಟುಕೊಟ್ಟು ನಿಲ್ಲುವರೇ ಹೊರತು ಕಿಟಕಿಯದನ್ನು ಬಿಟ್ಟವರಲ್ಲ.

“ಎಲೆಕೋಸಿಗೂ ಕಿಟಕಿ ಬೇಕೇನಪ್ಪಾ?” ಎಂದು, ವಾಪಸು ಬರುವಾಗ ತುಂಬಿದ ಚೀಲ ನೋಡಿ ಬಸ್ಸಿನ ಮುದುಕರು ಛೇಡಿಸಿದರೆ, “ಈಚೆ ಕೂತ್ರೆ ತಲೆ ಸುತ್ತುತ್ತೆ” ಎನ್ನುವರು. ಬಸ್ಸಿನಲ್ಲಿ ತಲೆ ಸುತ್ತುತ್ತಿದ್ದದ್ದು ಅತ್ತಿಗೆಗೆ.

ಡಿಸೆಂಬರಿನಲ್ಲಿ ಕಾರ್ಡುಗಳ ವಾರ್ಷಿಕ ತಪಾಸಣೆ. ಕಾರ್ಡಿನವರೇ ಬಂದು ಮುಖ ತೋರಿಸದಿದ್ದರೆ ಹೊಸ ವರ್ಷದಿಂದ ಅದು ನಡೆಯದು. ಅಂದು ಅವರ ಜೊತೆ ನಾನೂ ಕಾರ್ಡು ಕಚೇರಿಯ ಸಾಲಿನಲ್ಲಿ ನಿಂತಿದ್ದೆ.

“ಅಜ್ಜಿ ಎಲ್ಲಿ?” ಎಂದಳು ಕೌಂಟರಿನಾಚೆಯ ಹುಡುಗಿ.

“ಮೊಣಕಾಲು ನೋವು. ಮೆಟ್ಟಿಲು ಇಳಿಯೋಕಾಗಲ್ಲ ಅವಳಿಗೆ.”

“ಅದಕ್ಕೇನಂತೆ ಅಜ್ಜ, ಫೋನಲ್ಲೇ ಮುಖ ತೋರಿಸಿಬಿಡಿ. ಇಲ್ಲಿಂದಲೇ ಮಾಡಿಕೊಡ್ತೀನಿ.”

ಗದರಿದ್ದರೆ ಅವರು ಜಗಳವಾಡುತ್ತಿದ್ದರೇನೋ. ಆ ಸೌಜನ್ಯದೆದುರು ನನ್ನತ್ತ ನೋಡಿದರು. ಸುಳ್ಳಾಡಿದ ಮಕ್ಕಳನ್ನು ಮೂವತ್ತೆಂಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಟೀಚರಮ್ಮ ನಾನು, ಆಗ ಒಂದೇ ಒಂದು ಸುಳ್ಳಿಗಾಗಿ ತಡಕಾಡಿದೆ. ಹಾಳಾದ್ದು, ಸಿಗಲಿಲ್ಲ.

“ಈಗ ಮಲಗಿರ್ತಾಳೆ. ಎಬ್ಬಿಸೋದು ಬೇಡ ಬಿಡಮ್ಮ” ಎಂದು ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡರು.

ಹೊಸ ವರ್ಷದ ಎರಡನೆಯ ದಿನ ಅತ್ತಿಗೆಯ ಕಾರ್ಡು ಒತ್ತಿದಾಗ ಯಂತ್ರ ‘ಕಾರ್ಡ್ ಅಮಾನ್ಯ’ ಎಂದಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಅದೇ ಮಾತು. “ಬೇಗ ಹತ್ತಿ ಅಜ್ಜ, ಚಳಿ ಕೊರೀತಿದೆ” ಎಂದು ಹಿಂದಿನವರು ಗೊಣಗಿದರು. ಲುವಾನ್ ಕೋಟಿನ ಜೇಬಿನಿಂದ ಎರಡು ನಾಣ್ಯ ತೆಗೆದು ಪೆಟ್ಟಿಗೆಗೆ ಹಾಕಿ, ಆಮೇಲೆ ತಮ್ಮ ಕಾರ್ಡು ಒತ್ತಿದರು.

“ನಿಮಗೆ ಪುಕ್ಕಟೆ ಅಲ್ವಾ ಅಜ್ಜ? ದುಡ್ಡು ಯಾಕೆ ಹಾಕಿದ್ರಿ?” ಎಂದ ಚಾಲಕ.

“ಅದು ನನ್ನದಲ್ಲ” ಎಂದು ಎಡಕ್ಕೆ ವಾಲುತ್ತ ಒಳಗೆ ಹೋದರು.

ಇಂಥವರಿಗೆ ಮರುಳು ಹಿಡಿದಿದೆ, ಸತ್ತವರು ಇನ್ನೂ ಇದ್ದಾರೆಂಬ ಭ್ರಮೆಯಲ್ಲಿ ಬದುಕುತ್ತಾರೆ ಎಂದು ನಾನು ಬಹುಕಾಲ ತಿಳಿದಿದ್ದೆ. ತಪ್ಪು. ಹೋದವರು ಹೋದರೆಂಬುದು ಇವರಷ್ಟು ನಿಚ್ಚಳವಾಗಿ ಇನ್ನಾರಿಗೂ ತಿಳಿದಿರುವುದಿಲ್ಲ. ಅದಕ್ಕೇ ಇವರು ಅಳುವುದಿಲ್ಲ, ಯಾರಲ್ಲೂ ಹೇಳಿಕೊಳ್ಳುವುದಿಲ್ಲ, ಬೆಳಗಾದರೆ ಜೇಬಿನಲ್ಲಿ ಚಿಲ್ಲರೆ ಇದೆಯೇ ಎಂದು ನೋಡಿಕೊಂಡು ಮನೆಯಿಂದ ಹೊರಡುತ್ತಾರೆ.