ಸೊಪ್ಪು ಹಾಕದ ಮನೆ

ನನ್ನ ತಮ್ಮನ ಮೀನಿನ ತೊಟ್ಟಿಯಲ್ಲಿ ಮೀನೇ ಇರಲಿಲ್ಲ. ಅಳತೆ ಕೊಡಲು ಬಂದ ಗಿರಾಕಿಗಳು ಗಾಜಿಗೆ ಮೂಗು ತಾಗಿಸಿ ಹುಡುಕಿ, ಮೀನೆಲ್ಲಿ ಎಂದು ಕೇಳುತ್ತಿದ್ದರು. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸುತ್ತಿದ್ದ. ಅದರಲ್ಲಿದ್ದದ್ದು ಬರೀ ಗಿಡ. ತಳಕ್ಕೆಲ್ಲ ಹಾಸಿದ ಹಾಗೆ ಹಬ್ಬಿದ ಪುಟ್ಟ ಹುಲ್ಲು, ಅದರ ಹಿಂದೆ ತೆಳ್ಳಗಿನ ಬಳ್ಳಿಗಳು, ಮೂಲೆಯಲ್ಲಿ ಕೆಂಪೆಲೆಯದೊಂದು ಪೊದೆ. ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದಲೇ ಅವುಗಳ ತುದಿ ಸವರಿ ಓರಣ ಮಾಡುತ್ತಿದ್ದ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಹಿಡಿದ ಹುಚ್ಚು ಅದು. ನಮ್ಮ ಹೊಲಿಗೆ ಅಂಗಡಿ ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲೇ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ಕೂರುವ ನನಗೆ ದಿನವಿಡೀ ಆ ತೊಟ್ಟಿಯ ದರ್ಶನ. ಮೀನಾದರೆ ಬಾಲವನ್ನಾದರೂ ಅಲ್ಲಾಡಿಸುತ್ತದೆ. ಗಿಡ ನೋಡುತ್ತ ಎಷ್ಟು ಹೊತ್ತು ಕೂರುವುದು ಹೇಳಿ.

ಅಂಥವನು ಮತ್ತೆ ಮದುವೆಯಾಗುತ್ತೇನೆ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಹೆಣ್ಣು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಗಂಡನನ್ನು ಕಳೆದುಕೊಂಡು ತಾಯಿಯ ಮನೆಯಲ್ಲಿದ್ದವಳು, ಮಾತು ಕಡಿಮೆ, ನಗು ಚೆಂದ. ಅವಳ ಜೊತೆ ನಾಲ್ಕನೇ ತರಗತಿಯ ಮಗಳು ಬಂದಳು. ಮಗಳ ಜೊತೆ, ಒಂದು ಬಕೆಟ್ಟಿನಲ್ಲಿ, ಐದು ಮೀನು ಬಂದವು. ಅಂಗಿಯ ಗುಂಡಿಯಷ್ಟಿದ್ದಾಗ ತಂದು ಅಂಗೈಯಗಲ ಬೆಳೆಸಿದ ಮೀನುಗಳು. ಚಪ್ಪಟೆ, ದುಂಡಗೆ, ಬೆಳ್ಳಿಯ ಹೊಳಪು. ಅವಕ್ಕೆ ಸಿಲ್ವರ್ ಡಾಲರ್ ಅಂತಲೇ ಹೆಸರಂತೆ. ಸಾಮಾನು ಸಾಗಿಸುವಾಗ ಅವುಗಳ ತೊಟ್ಟಿ ಬಿರುಕು ಬಿಟ್ಟಿತ್ತು. ನನ್ನ ತೊಟ್ಟಿಯಲ್ಲೇ ಇರಲಿ ಬಿಡಿ ಎಂದು ತಮ್ಮ ದೊಡ್ಡ ಮನಸ್ಸು ಮಾಡಿದ.

ಈ ಮದುವೆಗೆ ಹೆಣ್ಣಿನ ತಾಯಿಯ ಒಪ್ಪಿಗೆ ಪೂರ್ತಿ ಇರಲಿಲ್ಲ. ಆ ದರ್ಜಿ ಯಾರಿಗೂ ಸೊಪ್ಪು ಹಾಕುವವನಲ್ಲವಂತೆ, ಅಂಥವನ ಮನೆಯಲ್ಲಿ ಮಗು ಹೇಗಿರುತ್ತೆ ಎಂದು ಆಕೆ ಎಲ್ಲರೆದುರು ಕೇಳಿದ್ದರು. ಮಾತು ಸುಳ್ಳೇನಲ್ಲ. ಕಾಲರ್ ಹೀಗಿಡಿ ಎಂದು ಪಾಠ ಹೇಳಿದ ಗಿರಾಕಿಗೆ ಬಟ್ಟೆ ವಾಪಸು ಕೊಟ್ಟು ಕಳಿಸುವ ಪ್ರಾಣಿ ನನ್ನ ತಮ್ಮ. ಕೊನೆಗೆ ಒಂದು ಒಪ್ಪಂದವಾಯಿತು. ರಜೆ ಮುಗಿಯುವ ತನಕ ಮಗು ಇಲ್ಲಿರಲಿ. ಶಾಲೆ ಶುರುವಾಗುವ ಮುಂಚೆ ಅಜ್ಜಿ ಬಂದು ಅವಳನ್ನೇ ಕೇಳಲಿ. ಇರುತ್ತೇನೆ ಎಂದರೆ ಸರಿ, ಬರುತ್ತೇನೆ ಎಂದರೆ ಕರೆದುಕೊಂಡು ಹೋಗಲಿ. ಅದಕ್ಕೆ ಮಗುವಿನ ತಾಯಿ ಒಂದೇ ಮಾತು ಸೇರಿಸಿದ್ದಳು: "ಮಗಳು ಎಲ್ಲಿರ್ತಾಳೋ ನಾನೂ ಅಲ್ಲೇ." ತಮ್ಮ ಆಗಲಿ ಎಂದ. ನನಗೋ ಮೈಯೆಲ್ಲ ಉರಿದುಹೋಯಿತು. ಮದುವೆಯೆಂದರೆ ಟ್ರಯಲ್ ನೋಡಲು ಕೊಟ್ಟ ಅಂಗಿಯೇ?

ಆ ಪುಟ್ಟ ಹುಡುಗಿ ಬಂದವಳೇ ಬಾಯಿಗೆ ಬೀಗ ಹಾಕಿಕೊಂಡಳು. ಏನು ಕೇಳಿದರೂ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು. ಹಾಗಾಗಿ ನಾನು ಅವಳನ್ನು ಪಿಳಿಪಿಳಿ ಎಂದೇ ಕರೆದೆ. ನನ್ನನ್ನು ಅತ್ತೆ ಅನ್ನು ಎಂದು ಹೇಳಿಕೊಟ್ಟೆ, ಅಂದಳು. ನನ್ನ ತಮ್ಮನನ್ನು ಮಾತ್ರ ಏನೂ ಅನ್ನುತ್ತಿರಲಿಲ್ಲ. ತೀರಾ ಅನಿವಾರ್ಯವಾದರೆ 'ನೀವು' ಎಂದು, ಬಸ್ಸಿನ ಕಂಡಕ್ಟರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಿದ್ದಳು.

ಮೀನು ಬಿಟ್ಟ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಬೋಳು. ಹುಲ್ಲಿಲ್ಲ, ಬಳ್ಳಿಯಿಲ್ಲ, ಕೆಂಪು ಪೊದೆಯ ಜಾಗದಲ್ಲಿ ನಾಲ್ಕು ಕಡ್ಡಿ. ಐದೂ ಮೀನು ಏನೂ ಅರಿಯದವರ ಹಾಗೆ ತೇಲುತ್ತಿದ್ದವು. ತಮ್ಮ ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಕಲ್ಲಾಗಿ ನಿಂತಿದ್ದ. ಅವನ ಹಿಂದೆ ಪಿಳಿಪಿಳಿ ಆಗಲೇ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು, ಖಾಲಿ ಬಕೆಟ್ಟು ಹಿಡಿದು, ಅಜ್ಜಿಯ ಮನೆಗೆ ಹೊರಟವಳ ಹಾಗೆ ನಿಂತಿದ್ದಳು. ಈಗ ಬೈಗುಳ ಶುರುವಾಗುತ್ತದೆ ಎಂದು ನಾವೆಲ್ಲ ಕಾದೆವು. ಅವನು ಬಾಯಿ ಮುಕ್ಕಳಿಸಿ ಬಂದು, ಪಾಪ ಹಸಿದಿದ್ದವೇನೋ ಎಂದಷ್ಟೇ ಹೇಳಿ ಹೊಲಿಗೆಗೆ ಕೂತ. ಆ ದಿನ ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ ಜೋಡಿಸಿದ, ಬಲದ್ದನ್ನು ಎಡಕ್ಕೆ.

ಗಿಡ ಹೋದರೆ ಹೋಯಿತು ಅನ್ನೋಣ. ಆದರೆ ಮರೆಯಿಲ್ಲದ ನೀರಿನಲ್ಲಿ ಆ ಮೀನುಗಳಿಗೆ ಜೀವಭಯ. ಹೊಲಿಗೆ ಯಂತ್ರ ಗಡಗಡ ಎಂದರೆ ಸಾಕು, ಹೋಗಿ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಹುಡುಗಿ ಲೈನಿಂಗ್ ಬಟ್ಟೆಯ ತುಂಡೊಂದನ್ನು ಗಾಜಿಗೆ ಅಡ್ಡ ಹಿಡಿದುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಮೀನಿಗೆ ಇಲ್ಲಿ ಹಿಡಿಸಿಲ್ಲ ಎಂದು ತಾಯಿಯ ಹತ್ತಿರ ಹೇಳಿದಳಂತೆ. ಅದನ್ನು ಕೇಳಿದ ತಾಯಿಯ ಮುಖ ಸಪ್ಪಗಾಯಿತು. ಹಿಡಿಸದೇ ಇದ್ದದ್ದು ಯಾರಿಗೆ ಎಂದು ಬಿಡಿಸಿ ಹೇಳಬೇಕೇ?

ಪ್ಲಾಸ್ಟಿಕ್ ಗಿಡ ತಂದು ಇಡು, ತಿಂದು ನೋಡಲಿ ಎಂದೆ ನಾನು. ತಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿ ಅಕ್ವೇರಿಯಂ ಅಂಗಡಿಗೆ ಹೊರಟ. ಮೆತ್ತಗಿನ ಎಲೆ ಯಾವುದೂ ಉಳಿಯಲ್ಲ, ದಪ್ಪ ಇರಬೇಕು, ಕಹಿ ಇರಬೇಕು ಎಂದು ಅಂಗಡಿಯಾಕೆ ಮೊದಲೇ ಹೇಳಿದ್ದಳಂತೆ. ಆದರೂ ಇವನು ನೋಡಲು ಚೆಂದವೆಂದು ಕತ್ತಿಯ ಹಾಗೆ ಉದ್ದೆಲೆಯ ಗಿಡ ತಂದ. ಎರಡೇ ದಿನಕ್ಕೆ ಎಲೆಗಳು ಜರಡಿಯಾದವು. ಆಮೇಲೆ ಅಳತೆಯ ಟೇಪಿನಂಥ ಎಲೆಯದೊಂದನ್ನು ತಂದ. ಅದನ್ನು ಬುಡಸಮೇತ ಕಿತ್ತು ತೇಲಿಸಿಬಿಟ್ಟವು. ಮೂರನೆಯದು ಅನುಬಿಯಾಸ್ ಎಂಬ ಗಿಡ. ಎಲೆಯೋ, ಚಪ್ಪಲಿಯ ತೊಗಲೋ ಎಂಬಷ್ಟು ಗಟ್ಟಿ. ಮೀನುಗಳು ಒಂದೊಂದಾಗಿ ಬಂದು ಕಚ್ಚಿ ನೋಡಿದವು, ಉಗುಳಿದವು, ಆಮೇಲೆ ಅದರ ನೆರಳಿಗೆ ಹೋಗಿ ನಿಂತವು. ನಮಗೆ ಹೋದ ಜೀವ ಬಂದ ಹಾಗಾಯಿತು. ಹುಡುಗಿ ಹಿಡಿದಿದ್ದ ಬಟ್ಟೆ ಕೆಳಗಿಟ್ಟಳು.

ಆದರೆ ಆ ಗಿಡ ತಾನೇ ತಾನಾಗಿ ಸಾಯತೊಡಗಿತು. ಎಲೆ ಹಳದಿಯಾಯಿತು, ಮುಟ್ಟಿದರೆ ಬುಡದಿಂದಲೇ ಕಳಚಿ ಬರುತ್ತಿತ್ತು, ನೀರು ನಾರುತ್ತಿತ್ತು. ತಿನ್ನುವವರಿಲ್ಲದೆಯೂ ಸಾಯುವ ಗಿಡಕ್ಕೆ ಏನು ಮಾಡುವುದು? ಅಷ್ಟರಲ್ಲಿ ಅಜ್ಜಿಯ ಫೋನು ಬಂತು, ಮುಂದಿನ ಭಾನುವಾರ ಬರುತ್ತಾರಂತೆ.

ಆ ಮಧ್ಯಾಹ್ನ ನಾನು ಗುಂಡಿ ಹೊಲಿಯುತ್ತಿದ್ದಾಗ ಪಿಳಿಪಿಳಿ ಪಕ್ಕಕ್ಕೆ ಬಂದು ಕೂತಳು. ಸ್ವಲ್ಪ ಹೊತ್ತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿದಳು. ಆಮೇಲೆ ಪಿಸುಗುಟ್ಟಿದಳು.

"ಅತ್ತೆ, ನಮ್ಮ ಮೀನು ಕೆಟ್ಟವಲ್ಲ. ಸೊಪ್ಪು ಕೊಟ್ಟಿದ್ರೆ ಅವು ಅಷ್ಟೊಂದು ಗಿಡ ತಿಂತಿರ್ಲಿಲ್ಲ. ಅಜ್ಜಿ ಮನೇಲಿ ದಿನಾ ಹಾಕ್ತಿದ್ದೆ."

"ಮತ್ತೆ ಇಲ್ಲಿ ಯಾಕೆ ಕೇಳ್ಲಿಲ್ಲ ಮಗಳೇ?"

"ಅವರು ಯಾರಿಗೂ ಸೊಪ್ಪು ಹಾಕಲ್ಲ ಅಂತ ಅಜ್ಜಿ ಹೇಳಿದ್ರಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮಗು ಆ ಮಾತನ್ನು ಇದ್ದದ್ದು ಇದ್ದ ಹಾಗೆ ನಂಬಿತ್ತು. ಸೊಪ್ಪು ಬಿಡಿಸುವುದೆಂದರೆ ನನಗೆ ಮೈಗಳ್ಳತನ, ಹಾಗಾಗಿ ಅದು ನಮ್ಮ ಅಡುಗೆಮನೆಗೆ ಬರುವುದೇ ಅಪರೂಪ. ಅದನ್ನೂ ನೋಡಿ ಇದು ಸೊಪ್ಪು ಹಾಕದ ಮನೆಯೇ ಸೈ ಎಂದು ಅವಳು ತೀರ್ಮಾನಿಸಿದ್ದಳು. ನಾನು ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು ಮುಗಿಯುವಷ್ಟರಲ್ಲಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಇಷ್ಟು ದಿನ ಈ ಕೂಸು ತನ್ನ ಮೀನಿನ ಹಸಿವನ್ನು ಯಾರಿಗೂ ಹೇಳದೆ ನುಂಗಿಕೊಂಡು ಕೂತಿತ್ತಲ್ಲ.

ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬಂದಾಗ ಕೈಯಲ್ಲಿ ಒಂದು ಚೀಲ ಪಾಲಕ್ ಸೊಪ್ಪು. ಹಸಿಯದೇ ಹಾಕುವುದೋ, ಬೇಯಿಸಿಯೋ ಎಂದು ನೇರವಾಗಿ ಹುಡುಗಿಯನ್ನೇ ಕೇಳಿದ. ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಆರಿದ ಮೇಲೆ ಎಂದಳು. ಅವನು ಹಾಗೇ ಮಾಡಿದ, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಎಲೆಯನ್ನು ನೀರಿಗೆ ಇಳಿಬಿಟ್ಟ. ಐದೂ ಮೀನು ಬಂದು ಮುತ್ತಿಕೊಂಡವು. ಊರಲ್ಲಿ ಯಾರಿಗೂ ಸೊಪ್ಪು ಹಾಕದ ಮಹಾರಾಯ ಕಡೆಗೆ ಮೀನಿಗೆ ಹಾಕಿದ ನೋಡು ಎಂದು ನಾನು ರೇಗಿಸಿ, ಆ ಮಾತಿಗೆ ಅರ್ಥವೇನೆಂದು ಹುಡುಗಿಗೆ ಹೇಳಿದೆ. ಪಿಳಿಪಿಳಿ ಎಂದು ನೋಡಿದಳು. ಆಮೇಲೆ ನಕ್ಕಳು. ಅವಳು ನಕ್ಕದ್ದನ್ನು ಈ ಮನೆ ಕಂಡದ್ದು ಅದೇ ಮೊದಲು.

ನಕ್ಕ ಧೈರ್ಯಕ್ಕೆ ಇನ್ನೊಂದು ಮಾತೂ ಹೊರಬಂತು. ಅಕ್ವೇರಿಯಂ ಅಂಗಡಿಯಲ್ಲಿ ಆ ಗಿಡದ ದಪ್ಪ ಬುಡ, ಬೇರು ಎಲ್ಲ ಹೊರಗೇ ಇದ್ದವಂತೆ, ತಾಯಿಯ ಜೊತೆ ಆ ದಾರಿಯಲ್ಲಿ ಹೋಗುವಾಗ ಬೀದಿಯಲ್ಲೇ ನಿಂತು ಗಾಜಿನಲ್ಲಿ ನೋಡಿದ್ದಳಂತೆ. ಇವನು ಅದನ್ನು ತೊಟ್ಟಿಯ ತಳದ ಸಣ್ಣ ಕಲ್ಲಿನಲ್ಲಿ ಕತ್ತಿನ ತನಕ ಹೂತಿದ್ದ. ಹೂಳದೆ ಇನ್ನೇನು ಮಾಡಿಯಾನು? ಬಟ್ಟೆಯ ಕಚ್ಚಾ ಅಂಚು, ದಾರದ ತುದಿ ಹೊರಗೆ ಕಂಡರೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಬೇರೆಂಬುದೂ ಅವನ ಕಣ್ಣಿಗೆ ಮಡಿಸಿ ಹೊಲಿಯಬೇಕಾದ ಅಂಚೇ.

ಮಾರನೆಯ ದಿನ ಇಬ್ಬರೂ ಜೊತೆಯಾಗಿ ಅಂಗಡಿಗೆ ಹೋದರು. ನಾನೂ ಹಿಂದೆಯೇ ಹೋದೆ, ಬಿಟ್ಟರೆ ತಾನೆ. ಗಿಡ ಆರಿಸಿದವಳು ಹುಡುಗಿ. ಎಲೆಯನ್ನು ಉಗುರಿನಿಂದ ಒತ್ತಿ, ಗುರುತು ಬೀಳದೇ ಇದ್ದದ್ದನ್ನೇ ಬುಟ್ಟಿಗೆ ಹಾಕಿದಳು: ಎರಡು ಅನುಬಿಯಾಸ್, ಒಂದು ಜಾವಾ ಫರ್ನ್ ಎಂಬ ಕಹಿ ಎಲೆಯ ಗಿಡ. ಇವನ್ನು ಹೂಳಬೇಡಿ, ಹೂತರೆ ಬುಡ ಕೊಳೆಯುತ್ತೆ, ಕಟ್ಟಿಗೆಗೆ ಹತ್ತಿ ದಾರದಲ್ಲಿ ಕಟ್ಟಿ, ದಾರ ಕೊಳೆತು ಹೋಗುವಷ್ಟರಲ್ಲಿ ಬೇರೇ ಕಟ್ಟಿಗೆಯನ್ನು ಹಿಡಿದುಕೊಳ್ಳುತ್ತೆ ಎಂದಳು ಅಂಗಡಿಯಾಕೆ. ಬೇರು ಹಿಡಿಯುವ ಮುಂಚೆಯೇ ದಾರ ಹೋದರೆ ಎಂದು ತಮ್ಮ ಕೇಳಿದ. ಅವನ ದನಿ ಏಕೋ ಸಣ್ಣದಾಗಿತ್ತು.

"ಮತ್ತೆ ಕಟ್ಟಿ," ಎಂದಳು ಆಕೆ.

ಮನೆಗೆ ಬಂದು ಹೊಲಿಗೆಯ ಮೇಜಿನ ಮೇಲೆಯೇ ಕೆಲಸ ನಡೆಯಿತು. ಹುಡುಗಿ ಗಂಟಿನ ಮೇಲೆ ಬೆರಳಿಟ್ಟು ಹಿಡಿದಳು, ಅವನು ದಾರ ಸುತ್ತಿದ. ಬಿಗಿಯಾಯಿತು ಎಂದರೆ ಬಿಚ್ಚಿ ಸುತ್ತಿದ, ಸಡಿಲಾಯಿತು ಎಂದರೆ ಮತ್ತೆ ಬಿಚ್ಚಿದ. ಹೊಲಿದದ್ದನ್ನು ಬಿಚ್ಚು ಎಂದರೆ ಗಿರಾಕಿಯ ಮೇಲೆ ಹಾರಿಬೀಳುವವನು, ಬಿಚ್ಚಿದ ದಾರ ನೇರ ಮಾಡಿಕೊಂಡು ಮತ್ತೆ ಮೊದಲಿಂದ ಸುತ್ತಿದ. ಅವಳ ತಾಯಿ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತಿದ್ದಳು.

ಭಾನುವಾರ ಅಜ್ಜಿ ಬಂದರು. ಮಗುವಿನ ಬಟ್ಟೆ ತುಂಬಿಕೊಳ್ಳಲು ದೊಡ್ಡದೊಂದು ಖಾಲಿ ಚೀಲ ಹಿಡಿದುಕೊಂಡೇ ಬಂದಿದ್ದರು. ಅಜ್ಜಿಗೆಂದು ನೀರು ತಂದ ತಾಯಿ ಲೋಟವನ್ನು ನನ್ನ ಕೈಗೆ ಕೊಟ್ಟಳು. ತಮ್ಮ ಯಂತ್ರ ತುಳಿಯುತ್ತಲೇ ಇದ್ದ. ಸೂಜಿಯಲ್ಲಿ ದಾರವೇ ಇರಲಿಲ್ಲ, ನಾನು ನೋಡಿದೆ.

ಅಜ್ಜಿ ಕೂತು ಸುಧಾರಿಸಿಕೊಂಡು, ಏನಮ್ಮ, ಹೊರಡೋಣವಾ, ಇಲ್ಲೇ ಇರ್ತೀಯಾ ಎಂದು ಕೇಳಿದರು. ಹುಡುಗಿ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ತಿರುಗಿಯೂ ನೋಡಲಿಲ್ಲ.

"ನಾನು ಬಂದ್ರೆ ಇದನ್ನ ಯಾರು ನೋಡ್ಕೊಳ್ತಾರೆ ಅಜ್ಜಿ? ಇವನಿಗೆ ಬೇರು ಕಂಡ್ರೆ ಆಗಲ್ಲ. ನಾನು ಆ ಕಡೆ ಹೋಗಿದ್ದೇ ತಡ, ಮತ್ತೆ ಕಲ್ಲಲ್ಲಿ ಹೂತುಬಿಡ್ತಾನೆ." ಆಮೇಲೆ ತಮ್ಮನ ಕಡೆಗೆ ಮುಖ ತಿರುಗಿಸಿದಳು. "ಹೌದೋ ಅಲ್ವೋ, ನೀನೇ ಹೇಳು."

ತಾಯಿ ಮುಖ ಕೆಂಪಗೆ ಮಾಡಿಕೊಂಡು, ಇವನು ನೀನು ಎಂದೆಲ್ಲ ದೊಡ್ಡವರಿಗೆ ಅನ್ನುತ್ತಾರಾ ಎಂದು ಗದರಿದಳು. ಹುಡುಗಿ ಬೆಚ್ಚಿದಳು. ತನ್ನ ಬಾಯಿಂದ ಏನು ಬಂತೆಂದು ಅವಳಿಗೇ ಗೊತ್ತಿರಲಿಲ್ಲ.

ತಮ್ಮ ಯಂತ್ರದಿಂದ ಕಾಲು ತೆಗೆದ. ಅವನು ಹುಡುಗಿಯನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದ.

"ಅಕ್ಕ, ನಮ್ಮಪ್ಪನಿಗೆ ನಾವೂ ನೀನು ಅಂತಾನೇ ಅಂತಿದ್ವಲ್ಲ?"

ಹೌದು ಎಂದೆ. ಅಷ್ಟು ಸಂತೋಷ ನನಗೆ ಅವನ ಮದುವೆಯ ದಿನವೂ ಆಗಿರಲಿಲ್ಲ.

ಅವನು ಎದ್ದು ಹೋಗಿ ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಹೌದು, ಹೂತೇ ಹೂಳ್ತೀನಿ, ನೀನು ಇಲ್ಲೇ ಇದ್ದು ಕಾಯಬೇಕು ಎಂದ. ಅಜ್ಜಿ ಇಬ್ಬರ ಬೆನ್ನನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಖಾಲಿ ಚೀಲವನ್ನು ಮಡಿಸಿ, ಇನ್ನೂ ಚಿಕ್ಕದಾಗಿ ಮಡಿಸಿ, ಎಲ್ಲಿಡಲಿ ಎಂದು ನನ್ನನ್ನು ಕೇಳಿದರು.