ಆ ಬೆಳಿಗ್ಗೆ ಬಂದವರು

"ನಿನ್ನ ಪಕ್ಕದಲ್ಲೂ ಬಂದು ಕೂತಿದ್ರಾ? ನಂಗೂ ಹಾಗೇ ಆಗಿತ್ತು ಕಣಮ್ಮ. ನನ್ನ ದೇವರು, ಮುರುಗ ಬಂದಿದ್ದ," ಎಂದು ತಂಗರತ್ನಂ ಬೊಚ್ಚುಬಾಯಲ್ಲಿ ನಕ್ಕಾಗ ಡಾಗ್ನಿಯ ಕೈಯಲ್ಲಿದ್ದ ಬಾಚಣಿಗೆ ನಿಂತಿತು.

ವೃದ್ಧಾಶ್ರಮದ ದಾದಿ ಡಾಗ್ನಿ ಮುದುಕಿಯ ತಲೆ ಬಾಚುತ್ತ, ಮಾತಿಗೆ ಮಾತು ಬಂದು, ತನ್ನ ಕಥೆ ಹೇಳಿಕೊಂಡಿದ್ದಳು. ಗಂಡ ಯೆನ್ಸ್‌ನ ದೋಣಿ ಮುಳುಗಿದ ಸುದ್ದಿ ಬಂದ ಬೆಳಿಗ್ಗೆ, ಅಡುಗೆಮನೆಯ ಬೆಂಚಿನ ಮೇಲೆ ಅವಳ ಪಕ್ಕ ಯಾರೋ ಬಂದು ಕೂತಿದ್ದರು. ಬೆಂಚು ಕಿರುಗುಟ್ಟಿತ್ತು. ಹೆಗಲು ಬೆಚ್ಚಗಾಗಿತ್ತು. 'ಹೆದರಬೇಡ' ಎಂಬ ಮಾತು ಎದೆಯೊಳಗೇ ಕೇಳಿಸಿತ್ತು. ಯೇಸುವಲ್ಲದೆ ಮತ್ತಾರು? ಪ್ರಾರ್ಥನಾ ಮಂದಿರದಲ್ಲಿ ಅದನ್ನು ಹೇಳಿ ಎಷ್ಟೋ ಜನರನ್ನು ಅಳಿಸಿದ್ದಳು. ಅದನ್ನು ಹಿಡಿದುಕೊಂಡೇ ಬದುಕಿದ್ದಳು.

ತಂಗರತ್ನಂಗೆ ಅದು ಆದದ್ದು ಡೆನ್ಮಾರ್ಕಿಗೆ ಬರುವ ಮೊದಲು, ಶ್ರೀಲಂಕಾದ ಜಾಫ್ನಾದಲ್ಲಿ, ಯುದ್ಧಕ್ಕೆ ಮಗ ಬಲಿಯಾದ ಮಧ್ಯಾಹ್ನ. ಅದೇ ಬಿಸುಪು, ಅದೇ ಮಾತು.

ಮುದುಕಿಯ ಭ್ರಮೆ ಎಂದುಕೊಂಡಳು ಡಾಗ್ನಿ. ಆ ಆಲೋಚನೆಯೇ ತಿರುಗಿ ಕಚ್ಚಿತು. ಅವಳದು ಭ್ರಮೆಯಾದರೆ ತನ್ನದು? ಪಕ್ಕದ ಕೋಣೆಯ ಬೋಸ್ನಿಯಾದ ಫಿಕ್ರೆತ್‌ನನ್ನು ಕೇಳಬಾರದಿತ್ತು, ಕೇಳಿಬಿಟ್ಟಳು. "ಬಂದಿದ್ರಮ್ಮ, ನನ್ನ ಹೆಂಡ್ತಿ ಸತ್ತ ದಿನ," ಎಂದು ಆತ ಕಣ್ಣೊರೆಸಿಕೊಂಡ. "ಅಲ್ಲಾಹ್ ಕಳಿಸಿದ ದೂತ ಅಲ್ದೆ ಇನ್ಯಾರು?"

"ಅವರ ಹತ್ರ ಬಂದದ್ದು ಸೈತಾನ," ಎಂದರು ಪ್ರಾರ್ಥನಾ ಮಂದಿರದ ಪಾದ್ರಿ, ಅವಳು ಹೋಗಿ ಕೇಳಿದಾಗ. ತಂಗರತ್ನಂನ ನಗುಮುಖ ಕಣ್ಣಮುಂದೆ ಬಂದು, ಡಾಗ್ನಿಗೆ ಆ ಮಾತು ನುಂಗಲಾಗಲಿಲ್ಲ.

ಹೀಗಿರುವಾಗ ಯೆನ್ಸ್‌ನ ತಾಯಿ ಕಿರ್ಸ್ಟಿನೆ ಹಾಸಿಗೆ ಹಿಡಿದಳು. ಇನ್ನು ಕೆಲವೇ ದಿನ ಎಂದಿದ್ದರು ಡಾಕ್ಟರು.

"ಆ ಬೆಳಿಗ್ಗೆ ಆದದ್ದು ಹೇಳೇ," ಎಂದಳು ಸೊಸೆಯ ಕೈ ಹಿಡಿದು. "ಯಾಕೋ ಭಯ ಆಗ್ತಿದೆ."

ಡಾಗ್ನಿ ಹೇಳತೊಡಗಿದಳು. ಬೆಂಚು ಕಿರುಗುಟ್ಟಿದ್ದು, ಹೆಗಲು ಬೆಚ್ಚಗಾದದ್ದು. ಮುದುಕಿ ಕಣ್ಣು ಮುಚ್ಚಿ ಹೂಂಗುಟ್ಟುತ್ತಿದ್ದಳು.

"ಯಾರು ಬಂದಿದ್ರು?"

ಪ್ರತಿ ಸಲ ಸಲೀಸಾಗಿ ಬರುತ್ತಿದ್ದ ಹೆಸರು ಈ ಸಲ ತಕ್ಷಣ ಬರಲಿಲ್ಲ. ತಂಗರತ್ನಂ, ಫಿಕ್ರೆತ್ ಹೇಳಿದ್ದು ನೆನಪಾಯಿತು.

"ಯೇಸು, ಅತ್ತೆ. ಯೇಸುವೇ."

ಕಿರ್ಸ್ಟಿನೆ ಕಣ್ಣು ತೆರೆದಳು. "ಆ ಹೆಸರು ಹೇಳೋಕೆ ಇಷ್ಟೊತ್ತು ಬೇಕಾಯ್ತಲ್ಲೇ ನಿಂಗೆ!"

"ಗಂಟಲು ಒಣಗಿತ್ತು, ಅಷ್ಟೇ. ಇನ್ನೊಂದು ಸಲ ಹೇಳ್ಲಾ ಅತ್ತೆ?"

"ಬೇಡ ಬಿಡು."

ಮುದುಕಿ ಮೆಲ್ಲಗೆ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು. ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಡಾಗ್ನಿ ಹೊದಿಕೆಯ ಅಂಚು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು, ಮತ್ತೆ ಸರಿಮಾಡಿದಳು. ಕಿರ್ಸ್ಟಿನೆ ಕಣ್ಣು ಮಿಟುಕಿಸದೆ ಸೂರು ನೋಡುತ್ತ ಮಲಗಿದ್ದಳು.